ಬ್ರಿಂಡಿಸಿ: ದಕ್ಷಿಣ ಇಟಲಿಯ ಬಂದರು ನಗರಕ್ಕೆ ಹೋಗುವವರಿಗೊಂದು ಕೈಪಿಡಿ

ಮಕ್ಕಳು ಯುರೋಪಿನಲ್ಲಿ ಉದ್ಯೋಗದಲ್ಲಿರುವುದರಿಂದಲೋ, ನಿವೃತ್ತಿಯ ಬಳಿಕ ಜಗತ್ತನ್ನು ಒಂದಿಷ್ಟು ನೋಡಬೇಕೆಂಬ ಹಂಬಲದಿಂದಲೋ ನಮ್ಮ ಅನೇಕ ಕುಟುಂಬಗಳು ಇಟಲಿಗೆ ಹೋಗಿ ಬರುತ್ತಿವೆ. ಹಾಗೆ ಹೋದವರಲ್ಲಿ ಬಹುತೇಕರ ಪ್ರವಾಸವು ರೋಮ್, ಫ್ಲಾರೆನ್ಸ್, ವೆನಿಸ್ ಈ ಮೂರು ನಗರಗಳಲ್ಲೇ ಮುಗಿದುಹೋಗುತ್ತದೆ. ಇಟಲಿಯ ಭೂಪಟವನ್ನು ಬೂಟಿಗೆ ಹೋಲಿಸುವುದು ವಾಡಿಕೆ. ಆ ಬೂಟಿನ ಹಿಮ್ಮಡಿಯ ಭಾಗದಲ್ಲಿ, ಏಡ್ರಿಯಾಟಿಕ್ ಸಮುದ್ರದ ದಂಡೆಯ ಮೇಲೆ, ಪುಲಿಯಾ ಪ್ರಾಂತದಲ್ಲಿ ಬ್ರಿಂಡಿಸಿ ಎಂಬ ಬಂದರು ನಗರವಿದೆ. ಪ್ರವಾಸೀ ಕಂಪನಿಗಳ ಪಟ್ಟಿಯಲ್ಲಿ ಈ ಹೆಸರು ಕಾಣಸಿಗುವುದು ಅಪರೂಪ. ಆದರೆ ಮುಂಬಯಿಯಲ್ಲಿ ನೆಲೆಸಿದ ನಮಗೆ ಇದು ಸಂಪೂರ್ಣ ಅಪರಿಚಿತ ಊರಲ್ಲ. ಸುಮಾರು ನಾಲ್ಕು ದಶಕಗಳ ಕಾಲ ಲಂಡನ್ನಿನಿಂದ ಭಾರತಕ್ಕೆ ಬರುವ ಅಂಚೆ ರೈಲಿನಿಂದ ಇಳಿದು ಹಡಗು ಹತ್ತುತ್ತಿದ್ದುದು ಇಲ್ಲಿಯೇ.

ನಾವು ಈ ನಗರದಲ್ಲಿ ಮೂರು ದಿನ ತಂಗಿ, ಕಂಡದ್ದನ್ನೂ ಎಡವಿದ್ದನ್ನೂ ಮುಂದೆ ಹೋಗುವವರ ಉಪಯೋಗಕ್ಕಾಗಿ ಇಲ್ಲಿ ಕ್ರೋಡೀಕರಿಸಿದ್ದೇವೆ.

ಊರಿನ ಹಿನ್ನೆಲೆ

ಬ್ರಿಂಡಿಸಿಯ ಬಂದರು ಪ್ರಕೃತಿಯೇ ಕಟ್ಟಿಕೊಟ್ಟದ್ದು. ಸಮುದ್ರವು ಕಿರಿದಾದ ಕಾಲುವೆಯ ಮೂಲಕ ಒಳನುಗ್ಗಿ, ಎರಡು ಕವಲಾಗಿ ಊರನ್ನು ತಬ್ಬಿಕೊಂಡಿದೆ. ಮೇಲಿನಿಂದ ನೋಡಿದರೆ ಅದು ಕೋಡುಗಳಿರುವ ಜಿಂಕೆಯ ತಲೆಯಂತೆ ಕಾಣುತ್ತದೆ. ಊರಿನ ಹೆಸರು ಸಹ ಅಲ್ಲಿನ ಪ್ರಾಚೀನ ಮೆಸ್ಸಾಪಿ ಭಾಷೆಯಲ್ಲಿ ಜಿಂಕೆಯನ್ನು ಸೂಚಿಸುವ ಪದದಿಂದ ಬಂದುದೆಂದು ಹೇಳುತ್ತಾರೆ. ರೋಮನ್ನರ ಕಾಲದಲ್ಲಿ ಇದರ ಹೆಸರು ಬ್ರುಂಡಿಸಿಯಮ್. ಕ್ರಿ.ಪೂ. 312ರಲ್ಲಿ ರೋಮ್‌ನಿಂದ ಕಟ್ಟಲಾರಂಭಿಸಿದ ಆಪ್ಪಿಯಾ ಹೆದ್ದಾರಿಯು ಮುಂದೆ ವಿಸ್ತಾರಗೊಂಡು ಈ ಬಂದರಿಗೆ ಬಂದು ಕೊನೆಗೊಂಡಿತು. ಗ್ರೀಸ್ ಮತ್ತು ಪೂರ್ವದೇಶಗಳಿಗೆ ಹೋಗುವ ಸೈನಿಕರೂ ವರ್ತಕರೂ ಇಲ್ಲಿಂದಲೇ ಹಡಗೇರುತ್ತಿದ್ದರು. 2024ರ ಜುಲೈಯಲ್ಲಿ ಯುನೆಸ್ಕೊ ಈ ಹೆದ್ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನಿರ್ಧಾರವನ್ನು ಕೈಗೊಂಡ ಅಧಿವೇಶನ ನಡೆದದ್ದು ನಮ್ಮ ಹೊಸದಿಲ್ಲಿಯಲ್ಲಿ ಎಂಬುದು ಸಂತೋಷದ ಸಂಗತಿ.

ಭಾರತದೊಂದಿಗೆ ಈ ಊರಿನ ನಂಟು ಗಟ್ಟಿಯಾದದ್ದು 19ನೆಯ ಶತಮಾನದಲ್ಲಿ. 1865ರಲ್ಲಿ ರೈಲು ಬ್ರಿಂಡಿಸಿಗೆ ತಲುಪಿತು. 1869ರಲ್ಲಿ ಸುಯೆಜ್ ಕಾಲುವೆ ತೆರೆಯಿತು. ಮರುವರ್ಷದಿಂದಲೇ ಇಂಗ್ಲೆಂಡಿನ ‘ಇಂಡಿಯನ್ ಮೇಲ್’ ಈ ಮಾರ್ಗವನ್ನು ಹಿಡಿಯಿತು. ಅಂಚೆ ಚೀಲಗಳೂ ಅವಸರದ ಪ್ರಯಾಣಿಕರೂ ಲಂಡನ್ನಿನಿಂದ ರೈಲಿನಲ್ಲಿ ಯುರೋಪನ್ನು ದಾಟಿ ಇಲ್ಲಿ ಇಳಿದು, ಪಿ ಅಂಡ್ ಓ ಕಂಪನಿಯ ಹಡಗಿನಲ್ಲಿ ಈಜಿಪ್ಟಿಗೂ ಅಲ್ಲಿಂದ ಮುಂಬಯಿಗೂ ಸಾಗುತ್ತಿದ್ದರು. ಜೂಲ್ಸ್ ವರ್ನ್ ಬರೆದ, 80 ದಿನಗಳಲ್ಲಿ ಜಗತ್ತನ್ನು ಸುತ್ತುವ ಪ್ರಸಿದ್ಧ ಕಾದಂಬರಿಯ ನಾಯಕ ಫಿಲಿಯಾಸ್ ಫಾಗ್ ಮುಂಬಯಿಗೆ ಬರಲು ಹಡಗು ಹತ್ತುವುದು ಇದೇ ಬ್ರಿಂಡಿಸಿಯಲ್ಲಿ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಈ ಅಂಚೆ ಸೇವೆ ನಿಂತುಹೋಯಿತು. ಊರಿನ ವೈಭವವೂ ಅದರೊಂದಿಗೆ ಇಳಿಮುಖವಾಯಿತು.

ಮಹಾತ್ಮ ಗಾಂಧಿಯವರು ಈ ಬಂದರನ್ನು ಕಂಡಿದ್ದರು. 1888ರಲ್ಲಿ ಕಾನೂನು ಕಲಿಯಲು ಲಂಡನ್ನಿಗೆ ಹೊರಟ 18ರ ತರುಣನಾಗಿ ಅವರು ಇಲ್ಲಿ ಹಡಗಿನಿಂದಿಳಿದು ಊರು ನೋಡಿದರು. ಪರದೇಶಿಯರ ಬೆನ್ನುಹತ್ತುವ ದಲ್ಲಾಳಿಗಳಿಗೆ ಅಂಜದೆ, ಬೇಡವೆಂದು ನೇರವಾಗಿ ಹೇಳಿ ಮುಂದೆ ನಡೆಯಬೇಕೆಂಬ ಎಚ್ಚರಿಕೆಯನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟರು. ಯಾವ ಬಂದರಿಗಾದರೂ ಈ ಮಾತು ಇಂದಿಗೂ ಒಪ್ಪುತ್ತದೆ. 43 ವರ್ಷಗಳ ಬಳಿಕ, ಎರಡನೆಯ ದುಂಡುಮೇಜಿನ ಪರಿಷತ್ತು ಮುಗಿಸಿ ಹಿಂದಿರುಗುವಾಗ, 1931ರ ಡಿಸೆಂಬರ್ 14ರಂದು ಅವರು ಇಲ್ಲಿಂದಲೇ ‘ಪಿಲ್ಸ್ನಾ’ ಎಂಬ ಹಡಗನ್ನೇರಿದರು. ಡಿಸೆಂಬರ್ 28ಕ್ಕೆ ಮುಂಬಯಿ ತಲುಪಿದ ಅವರನ್ನು ಒಂದೇ ವಾರದಲ್ಲಿ, 1932ರ ಜನವರಿ 4ರಂದು, ಗಾಮ್‌ದೇವಿಯ ಮಣಿಭವನದಲ್ಲಿ ಬಂಧಿಸಲಾಯಿತು. ಮಣಿಭವನವನ್ನು ನೋಡಿದವರು ಬ್ರಿಂಡಿಸಿಯ ಧಕ್ಕೆಯ ಮೇಲೆ ನಿಂತಾಗ, ಆ ಹದಿನಾಲ್ಕು ದಿನಗಳ ಸಮುದ್ರಯಾನ ಮನಸ್ಸಿನಲ್ಲಿ ಸುಳಿಯದೆ ಇರದು.

ಯಾವಾಗ ಹೋಗಬೇಕು, ಹೇಗೆ ತಲುಪಬೇಕು

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗೆ ಮತ್ತು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಉತ್ತಮ. ಜುಲೈ, ಆಗಸ್ಟ್‌ಗಳಲ್ಲಿ ಬಿಸಿಲು ಕಠಿಣ. ಆಗಸ್ಟ್ 15ರ ಆಸುಪಾಸಿನಲ್ಲಿ ಇಟಲಿಯವರೆಲ್ಲ ಸಮುದ್ರತೀರಕ್ಕೆ ಬರುವುದರಿಂದ ಕೋಣೆಗಳು ದುಬಾರಿ. ಚಳಿಗಾಲದಲ್ಲಿ ಹಿಮ ಬೀಳುವುದು ಅಪರೂಪವಾದರೂ ಕಡಲಗಾಳಿ ಚುಚ್ಚುತ್ತದೆ. ಸ್ವೆಟರಿನ ಮೇಲೊಂದು ಗಾಳಿ ತಡೆಯುವ ಕೋಟು ಇರಲಿ.

ಭಾರತದಿಂದ ಬ್ರಿಂಡಿಸಿಗೆ ನೇರ ವಿಮಾನವಿಲ್ಲ. ರೋಮ್ ಅಥವಾ ಮಿಲಾನ್‌ನಲ್ಲಿ ವಿಮಾನ ಬದಲಾಯಿಸಬಹುದು. ವಿಮಾನ ನಿಲ್ದಾಣವು ಊರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿದ್ದು ಬಸ್ಸು, ಟ್ಯಾಕ್ಸಿಗಳೆರಡೂ ಇವೆ. ರೈಲಿನಲ್ಲಿ ಬರುವುದಾದರೆ ರೋಮ್‌ನ ಟೆರ್ಮಿನಿ ನಿಲ್ದಾಣದಿಂದ ಲೆಚ್ಚೆಗೆ ಹೋಗುವ ವೇಗದ ರೈಲು ಹಿಡಿಯಬೇಕು. ಸುಮಾರು ಐದು ಗಂಟೆಗಳ ಪ್ರಯಾಣ. ಮುಂಚಿತವಾಗಿ ಕೊಂಡರೆ ಟಿಕೆಟ್ ಅಗ್ಗ.

ಊರಿಂದೂರಿಗೆ ಓಡುವ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟನ್ನು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮೊಬೈಲಿನಲ್ಲಿ ಕೊಂಡ ಟಿಕೆಟಿಗೂ ‘ಚೆಕ್ ಇನ್’ ಮಾಡುವ ಕ್ರಮವಿದೆ. ಇವನ್ನು ಮರೆತರೆ, ಟಿಕೆಟ್ ಕೈಯಲ್ಲಿದ್ದೂ ದಂಡ ತೆರಬೇಕಾದೀತು. ರೈಲು ನೌಕರರ ಮುಷ್ಕರಗಳೂ ಅಲ್ಲಿ ಹೊಸತಲ್ಲ. ‘ಶೋಪೆರೊ’ ಎಂಬ ಪದ ಕಣ್ಣಿಗೆ ಬಿದ್ದರೆ ಅದು ಮುಷ್ಕರದ ಸೂಚನೆ ಎಂದು ತಿಳಿಯಿರಿ. ವಿಮಾನ ಹಿಡಿಯುವ ದಿನ ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಜಾಣತನ.

ವೀಸಾ: ಅತಿ ಮುಖ್ಯವಾದ ಒಂದು ಮಾತು

ಇಟಲಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಸಲ್ಲಿಸಬಹುದು. ಕೊನೆಯ ಗಡುವು 15 ದಿನ. ಬೇಸಿಗೆಯಲ್ಲಿ ಅರ್ಜಿ ಸಲ್ಲಿಸುವ ಸಮಯ ಸಿಗುವುದೇ ಕಷ್ಟವಾದ್ದರಿಂದ ಎರಡು ಮೂರು ತಿಂಗಳು ಮೊದಲೇ ಹೊರಡುವುದು ಲೇಸು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಬೆರಳಚ್ಚು ಮತ್ತು ಭಾವಚಿತ್ರ ಪಡೆಯುವ ಹೊಸ ವ್ಯವಸ್ಥೆ ಜಾರಿಗೆ ಬಂದಿರುವುದರಿಂದ ವಿಮಾನ ನಿಲ್ದಾಣದಲ್ಲಿ ತುಸು ಹೆಚ್ಚಿನ ಸಮಯ ಇಟ್ಟುಕೊಳ್ಳಿ.

ಬ್ರಿಂಡಿಸಿಗೆ ಹೋಗುವವರು ವಿಶೇಷವಾಗಿ ಗಮನಿಸಬೇಕಾದುದು ವೀಸಾ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆ ಬರೆದಿರುವ ಅಂಕಣವನ್ನು. ಈ ಬಂದರಿನಿಂದ ಗ್ರೀಸ್‌ಗೂ ಅಲ್ಬೇನಿಯಾದ ವ್ಲೋರಾ ಪಟ್ಟಣಕ್ಕೂ ಹಡಗುಗಳಿವೆ. ಗ್ರೀಸ್ ಷೆಂಗೆನ್ ವಲಯದೊಳಗಿನ ದೇಶ. ಅಲ್ಲಿಗೆ ಹೋಗಿ ಬರಲು ಅಡ್ಡಿಯಿಲ್ಲ. ಅಲ್ಬೇನಿಯಾ ಆ ವಲಯದ ಹೊರಗಿದೆ. ಅಂಕಣದಲ್ಲಿ ‘01’ ಎಂದಿದ್ದರೆ ವ್ಲೋರಾಕ್ಕೆ ಹೋದವರು ಇಟಲಿಗೆ ಮರಳುವಂತಿಲ್ಲ; ವೀಸಾದ ಅವಧಿ ಎಷ್ಟೇ ದಿನ ಉಳಿದಿದ್ದರೂ ಸರಿಯೆ.

ನಾವೇ ಈ ತಪ್ಪಿನ ಅಂಚಿಗೆ ಹೋಗಿ ಬಂದವರು. ಸಮುದ್ರಯಾನದ ಆಸೆಯಿಂದ ಒಂದು ದಿನ ವ್ಲೋರಾಕ್ಕೆ ಹೋಗಿ ಬರೋಣವೆಂದು ಹೊರಟೆವು. ಹಳೆಯ ಪುಸ್ತಕವೊಂದನ್ನು ನಂಬಿ, ಊರ ನಡುವಿನ ಹಳೆಯ ಧಕ್ಕೆಗೆ ಪೆಟ್ಟಿಗೆಗಳನ್ನು ಎಳೆದುಕೊಂಡು ಹೋದರೆ ಅಲ್ಲಿ ಹಡಗೂ ಇಲ್ಲ, ಟಿಕೆಟ್ ಕಿಟಕಿಯೂ ಇಲ್ಲ. ದೊಡ್ಡ ಹಡಗುಗಳು ಈಗ ಹೊರಡುವುದು ಊರಿನಿಂದ ಕೆಲವು ಕಿ.ಮೀ. ದೂರದ ಕೋಸ್ತಾ ಮೊರೇನಾ ಎಂಬಲ್ಲಿಂದ. ಟ್ಯಾಕ್ಸಿ ಹಿಡಿದು ಏದುಸಿರಿನಲ್ಲಿ ಅಲ್ಲಿಗೆ ತಲುಪಿ ಪಾಸ್‌ಪೋರ್ಟ್ ಚಾಚಿದೆವು. ಕಿಟಕಿಯೊಳಗಿನ ಹೆಣ್ಣುಮಗಳು ವೀಸಾದ ಪುಟವನ್ನು ಬೆರಳಿನಿಂದ ತೋರಿಸಿ, ತಲೆಯಾಡಿಸಿ, ಪಾಸ್‌ಪೋರ್ಟ್ ಹಿಂದಿರುಗಿಸಿದಳು. ಅಲ್ಲಿ ‘01’ ಎಂದಿತ್ತು. ಬೇರೊಬ್ಬರ ಸಾಲದ ಕಾಗದಪತ್ರಗಳಲ್ಲಿ ಒಂದು ಅಂಕೆ ತಪ್ಪಿದರೂ ಹಿಡಿಯುವ ಬ್ಯಾಂಕಿನ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ನಾವು, ನಮ್ಮದೇ ವೀಸಾವನ್ನು ಸರಿಯಾಗಿ ಓದಿರಲಿಲ್ಲ. ಆ ಹೆಣ್ಣುಮಗಳು ಟಿಕೆಟ್ ಕೊಟ್ಟುಬಿಟ್ಟಿದ್ದರೆ, ರೋಮ್‌ನಿಂದ ಕಾದಿರಿಸಿದ್ದ ನಮ್ಮ ಹಿಂದಿರುಗುವ ವಿಮಾನವನ್ನು ಅಲ್ಬೇನಿಯಾದಲ್ಲಿ ಕುಳಿತು ನೆನೆಯಬೇಕಾಗುತ್ತಿತ್ತು.

ಆದ್ದರಿಂದ, ಹಡಗಿನ ಯೋಚನೆಯಿದ್ದವರು ಅರ್ಜಿಯಲ್ಲೇ ಬಹುಪ್ರವೇಶದ ವೀಸಾ ಕೇಳಿ, ಕೈಗೆ ಬಂದ ಮೇಲೆ ಅಂಕಣವನ್ನು ಓದಿರಿ. ಅಲ್ಬೇನಿಯಾದ ಪ್ರವೇಶ ನಿಯಮಗಳನ್ನು ಪ್ರತ್ಯೇಕವಾಗಿ ತಿಳಿದುಕೊಳ್ಳಿರಿ. ಹಡಗು ಹೊರಡುವ ಧಕ್ಕೆ ಯಾವುದೆಂದು ಟಿಕೆಟ್ ಕೊಳ್ಳುವಾಗಲೇ ಕೇಳಿ, ಎರಡು ಗಂಟೆ ಮೊದಲು ಅಲ್ಲಿರಿ.

ಊರಿನಲ್ಲಿ ನೋಡತಕ್ಕವು

ಬ್ರಿಂಡಿಸಿ ಅಲಂಕಾರದ ಊರಲ್ಲ. ನೌಕಾದಳದ ನೆಲೆ, ರಾಸಾಯನಿಕ ಕಾರ್ಖಾನೆ, ಸರಕಿನ ಹಡಗು ಇವೆಲ್ಲ ಕೂಡಿದ ದುಡಿಮೆಯ ಪಟ್ಟಣ. ರೈಲು ನಿಲ್ದಾಣದಿಂದ ಬಂದರಿಗೆ ಉಂಬೆರ್ತೊ ಮತ್ತು ಗಾರಿಬಾಲ್ಡಿ ರಸ್ತೆಗಳ ಮೂಲಕ ಇಪ್ಪತ್ತು ನಿಮಿಷಗಳ ನಡಿಗೆ. ಹಳೆಯ ಊರನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಬಹುದು.

ಮೊದಲು ನೋಡಬೇಕಾದದ್ದು ರೋಮನ್ ಸ್ತಂಭ. ಬಂದರಿಗೆ ಎದುರಾಗಿ ಸುಮಾರು 19 ಮೀಟರ್ ಎತ್ತರದ ಅಮೃತಶಿಲೆಯ ಈ ಕಂಬವು ಆಪ್ಪಿಯಾ ಹೆದ್ದಾರಿಯ ಕೊನೆಯ ಗುರುತೆಂದು ಪ್ರಸಿದ್ಧ. ಹಿಂದೆ ಇದರ ಜೋಡಿ ಕಂಬವೂ ಪಕ್ಕದಲ್ಲಿತ್ತು. 1528ರಲ್ಲಿ ಅದು ಉರುಳಿಬಿದ್ದಿತು. ಅದರ ತುಂಡುಗಳು ಮುಂದಿನ ಶತಮಾನದಲ್ಲಿ ನೆರೆಯ ಲೆಚ್ಚೆ ನಗರಕ್ಕೆ ಸಾಗಿ, ಅಲ್ಲಿ ಒರೊಂತ್ಸೊ ಎಂಬ ಸಂತನ ಪ್ರತಿಮೆಯನ್ನು ಹೊತ್ತು ನಿಂತಿವೆ. ಉಳಿದ ಕಂಬದ ಮೂಲ ಬೋದಿಗೆಯನ್ನು ಗ್ರನಾಫೇಯಿ ನೆರ್ವೆನ್ಯಾ ಎಂಬ ಅರಮನೆಯಲ್ಲಿ ಹತ್ತಿರದಿಂದ ನೋಡಬಹುದು. ಧಕ್ಕೆಯಿಂದ ಕಂಬಕ್ಕೆ ಹತ್ತುವ ಮೆಟ್ಟಿಲುಗಳು ಬಹಳ. ಮಂಡಿನೋವಿನ ಹಿರಿಯರು ಪ್ರಧಾನ ಚರ್ಚಿನ ಕಡೆಯ ಓಣಿಯಿಂದ ಬಂದರೆ ಮೆಟ್ಟಿಲು ಹತ್ತದೆಯೆ ಕಂಬದ ಬುಡಕ್ಕೆ ತಲುಪಬಹುದು.

ಆ ಮೆಟ್ಟಿಲುಗಳಿಗೆ ವರ್ಜಿಲ್ ಕವಿಯ ಹೆಸರಿದೆ. ಗ್ರೀಸಿನಿಂದ ಕಾಯಿಲೆ ಹಿಡಿದು ಮರಳಿದ ಆ ಮಹಾಕವಿ ಕ್ರಿ.ಪೂ. 19ರಲ್ಲಿ ಈ ಊರಿನಲ್ಲೇ ಕಣ್ಣುಮುಚ್ಚಿದನು. ‘ಈನೀಡ್’ ಇನ್ನೂ ಪೂರ್ತಿ ತಿದ್ದಲ್ಪಟ್ಟಿಲ್ಲ, ಅದನ್ನು ಸುಟ್ಟುಬಿಡಿ ಎಂದು ಅವನು ಬಯಸಿದ್ದನಂತೆ. ಚಕ್ರವರ್ತಿ ಆಗಸ್ಟಸ್ ಅದಕ್ಕೆ ಒಪ್ಪದ ಕಾರಣ ಲ್ಯಾಟಿನ್ ಸಾಹಿತ್ಯದ ಆ ಮಹಾಕಾವ್ಯ ಉಳಿಯಿತು.

ಪ್ರಧಾನ ಚರ್ಚು 1743ರ ಭೂಕಂಪದ ನಂತರ ಮತ್ತೆ ಕಟ್ಟಿದ್ದು. ಅದರ ಪಕ್ಕದ ಪುರಾತತ್ವ ಸಂಗ್ರಹಾಲಯದಲ್ಲಿ 1992ರಲ್ಲಿ ಸಮುದ್ರದ ತಳದಿಂದ ಮೇಲೆತ್ತಿದ ಕಂಚಿನ ಪ್ರತಿಮೆಗಳ ಭಾಗಗಳಿವೆ; ಒಂದು ಗಂಟೆಯನ್ನಾದರೂ ಇದಕ್ಕೆ ಮೀಸಲಿಡಿ. ಸಾನ್ ಜೊವಾನ್ನಿ ಅಲ್ ಸೆಪೊಲ್ಕ್ರೊ ಎಂಬ ದುಂಡಗಿನ ಪುಟ್ಟ ದೇಗುಲ ಹತ್ತಿರದಲ್ಲೇ ಇದೆ. ಚರ್ಚುಗಳಿಗೆ ಹೋಗುವಾಗ ಭುಜ, ಮಂಡಿಗಳು ಮುಚ್ಚಿರಬೇಕು. ಸೀರೆ, ಸಲ್ವಾರ್‌ಗಳಿಗೆ ಯಾವ ತೊಂದರೆಯೂ ಇಲ್ಲ.

ಸಂಜೆಯ ವೇಳೆಗೆ ಧಕ್ಕೆಯಿಂದ ಮೋಟಾರು ದೋಣಿಯಲ್ಲಿ ಎದುರು ದಡಕ್ಕೆ ದಾಟಿರಿ; ಕೆಲವೇ ನಿಮಿಷಗಳ ಪಯಣ. ಅಲ್ಲಿ 1933ರಲ್ಲಿ ನಿರ್ಮಿಸಿದ, ಹಡಗಿನ ಚುಕ್ಕಾಣಿಯ ಆಕಾರದ ನಾವಿಕರ ಸ್ಮಾರಕವಿದೆ. ಐವತ್ತು ಮೀಟರಿಗೂ ಮಿಕ್ಕ ಎತ್ತರ. ಅಲ್ಲಿಂದ ನೋಡಿದಾಗಲೇ ಜಿಂಕೆಯ ಕೋಡುಗಳಂತಹ ಬಂದರಿನ ರೂಪ ತಿಳಿಯುವುದು. ತೆರೆದಿರುವ ವೇಳೆ ಋತುವಿಗನುಗುಣವಾಗಿ ಬದಲಾಗುವುದರಿಂದ ವಿಚಾರಿಸಿ ಹೋಗಿರಿ.

ಮರಳಿ ಬಂದು ಧಕ್ಕೆಯ ಮೇಲೆ ನಡೆಯುವಾಗ ಎದುರಾಗುವ ದೊಡ್ಡ ಹೋಟೆಲೊಂದನ್ನು ಗಮನಿಸಿ. ಈಗ ಅದರ ಹೆಸರು ಗ್ರಾಂಡೆ ಅಲ್ಬೆರ್ಗೊ ಇಂಟರ್ನಾಝಿಯೊನಾಲೆ. ಇಂಡಿಯನ್ ಮೇಲ್‌ನ ಪ್ರಯಾಣಿಕರಿಗಾಗಿ ಕಟ್ಟಿದಾಗ ಅದಕ್ಕೆ ಪೂರ್ವ ಇಂಡೀಸ್‌ನ ಹೋಟೆಲ್ ಎಂಬರ್ಥದ ಹೆಸರಿತ್ತು. 1943ರ ಸೆಪ್ಟೆಂಬರ್‌ನಲ್ಲಿ ಇಟಲಿಯ ಅರಸನು ರೋಮ್‌ನಿಂದ ಓಡಿಬಂದು ಇದೇ ಊರಿನಲ್ಲಿ ಆಶ್ರಯ ಪಡೆದನು. ಮರುವರ್ಷದ ಫೆಬ್ರವರಿಯವರೆಗೆ ಬ್ರಿಂಡಿಸಿಯೇ ಸರಕಾರದ ರಾಜಧಾನಿಯಾಗಿತ್ತು.

ಊಟ ಉಪಚಾರ

ಸಸ್ಯಾಹಾರಿಗಳಿಗೆ ಪುಲಿಯಾ ಪ್ರಾಂತ ಇಟಲಿಯಲ್ಲೇ ಅನುಕೂಲವಾದ ಪ್ರದೇಶಗಳಲ್ಲೊಂದು. ಹಿಂದಿನಿಂದ ಬಡ ರೈತರ ನಾಡಾದ್ದರಿಂದ ಕಾಳು, ಸೊಪ್ಪು, ಗೋಧಿ, ಆಲಿವ್ ಎಣ್ಣೆ ಇವೇ ಅಲ್ಲಿನ ಅಡಿಗೆಯ ಆಧಾರ. ‘ಫಾವೆ ಎ ಚಿಕೋರಿಯಾ’ ಎಂದರೆ ಒಣಗಿಸಿದ ಫಾವೆ ಎಂಬ ಕಾಳನ್ನು ನುಣ್ಣಗೆ ಬೇಯಿಸಿ, ತುಸು ಕಹಿಯಾದ ಬೆಂದ ಸೊಪ್ಪಿನೊಂದಿಗೆ ಬಡಿಸುವ ಖಾದ್ಯ. ಒಗ್ಗರಣೆಯಿಲ್ಲದ ತೊವ್ವೆಯನ್ನು ಸೊಪ್ಪಿನ ಪಲ್ಯದೊಂದಿಗೆ ತಿಂದಂತೆ ನಮಗೆ ತೋರಿತು. (ಜಿ-6-ಪಿ-ಡಿ ಕೊರತೆಯಿರುವವರು ಈ ಕಾಳನ್ನು ಸರ್ವಥಾ ತಿನ್ನಬಾರದು.) ‘ಫ್ರಿಸೆಲ್ಲಾ’ ಎಂಬುದು ಎರಡು ಬಾರಿ ಸುಟ್ಟ ಗಟ್ಟಿ ರೊಟ್ಟಿ; ನೀರಿನಲ್ಲಿ ಅದ್ದಿ, ಟೊಮೆಟೊ, ಎಣ್ಣೆ, ಉಪ್ಪು ಹಾಕಿಕೊಂಡು ತಿನ್ನುತ್ತಾರೆ. ಕಿವಿಯಾಕಾರದ ‘ಒರೆಕ್ಕಿಯೆತ್ತೆ’ ಅಲ್ಲಿನ ಪ್ರಸಿದ್ಧ ಪಾಸ್ತಾ.

ಆದರೆ ಎಚ್ಚರಿಕೆ ಬೇಕು. ‘ಚೀಮೆ ದಿ ರಾಪಾ’ ಎಂಬ ಸೊಪ್ಪಿನೊಂದಿಗೆ ಕೊಡುವ ಒರೆಕ್ಕಿಯೆತ್ತೆಯಲ್ಲಿ ಸಾಮಾನ್ಯವಾಗಿ ಅಚ್ಚೂಗೆ ಎಂಬ ಸಣ್ಣ ಮೀನನ್ನು ಕರಗಿಸಿರುತ್ತಾರೆ. ಹೊರಗಿನಿಂದ ತಿಳಿಯದು. ‘ಕವಾಲ್ಲೊ’ ಎಂದು ಬರೆದಿದ್ದರೆ ಅದು ಕುದುರೆಯ ಮಾಂಸ. ಲೆಚ್ಚೆಯ ಪ್ರಸಿದ್ಧ ಸಿಹಿ ‘ಪಾಸ್ತಿಚೊತ್ತೊ’ದಲ್ಲಿ ಮೊಟ್ಟೆ ಇರುತ್ತದೆ, ಸಾಂಪ್ರದಾಯಿಕ ಕ್ರಮದಲ್ಲಿ ಹಂದಿಕೊಬ್ಬೂ ಇರುತ್ತದೆ. ‘ಸೆಂತ್ಸಾ ಕಾರ್ನೆ’ (ಮಾಂಸವಿಲ್ಲದೆ), ‘ಸೆಂತ್ಸಾ ಪೆಶ್ಶೆ’ (ಮೀನಿಲ್ಲದೆ), ‘ಸೆಂತ್ಸಾ ವೋವಾ’ (ಮೊಟ್ಟೆಯಿಲ್ಲದೆ) ಎಂಬ ಮೂರು ಮಾತುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ‘ವೆಜಿಟೇರಿಯನ್’ ಎಂದಷ್ಟೇ ಹೇಳಿದರೆ ಮೀನು ನಡೆಯುತ್ತದೆಂದು ಭಾವಿಸುವವರೂ ಉಂಟು.

ಮಧ್ಯಾಹ್ನದ ಊಟ ಸುಮಾರು ಎರಡೂವರೆಗೆ ಮುಗಿಯುತ್ತದೆ. ರಾತ್ರಿಯ ಊಟ ಎಂಟಕ್ಕೆ ಮೊದಲು ಸಿಗುವುದು ಕಷ್ಟ. ನಡುವಿನ ಹೊತ್ತು ಊರೆಲ್ಲ ಬಾಗಿಲು ಹಾಕಿ ಮಲಗುತ್ತದೆ. ಅಂಗಡಿ, ಚರ್ಚುಗಳೂ ಮುಚ್ಚಿರುತ್ತವೆ. ಸಕ್ಕರೆ ಕಾಯಿಲೆಯವರು ಕೈಚೀಲದಲ್ಲಿ ತಿಂಡಿ ಇಟ್ಟುಕೊಳ್ಳಲೇಬೇಕು. ನಾವೂ ಆ ಹೊತ್ತಿನಲ್ಲಿ ಮಲಗಿ, ಸಂಜೆ ಆರರ ಮೇಲೆ ಊರಿನವರೊಂದಿಗೆ ತಿರುಗಾಡಲು ಹೊರಡುವ ಕ್ರಮಕ್ಕೆ ಹೊಂದಿಕೊಂಡೆವು. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟರಂತೆ ಸೇರಿಸುವುದು ಅಲ್ಲಿನ ಪದ್ಧತಿ; ಅದು ಮೋಸವಲ್ಲ. ಕಾಫಿಯನ್ನು ನಿಂತು ಕುಡಿದರೆ ಸಾಧಾರಣವಾಗಿ ಅಗ್ಗ. ನಲ್ಲಿಯ ನೀರು ಕುಡಿಯಲು ಯೋಗ್ಯ.

ಹಣ ಮತ್ತು ಸುರಕ್ಷತೆ

ವೃತ್ತಿಯ ಕಾರಣ ಈ ವಿಷಯದಲ್ಲಿ ಕೆಲವು ಮಾತು ಹೇಳುವುದು ನಮ್ಮ ಕರ್ತವ್ಯ. ಹೊರಡುವ ಮೊದಲು ಕಾರ್ಡಿನ ವಿದೇಶೀ ಬಳಕೆಯನ್ನು ಚಾಲೂ ಮಾಡಿಸಿರಿ. ಅಂಗಡಿಯ ಯಂತ್ರವು ರೂಪಾಯಿಯಲ್ಲಿ ಪಾವತಿಸುವಿರಾ ಯೂರೋದಲ್ಲೇ ಎಂದು ಕೇಳಿದರೆ ಯೂರೋವನ್ನೇ ಆರಿಸಿ. ರೂಪಾಯಿ ಆರಿಸಿದರೆ ಪರಿವರ್ತನೆಯ ದರ ನಿಮಗೆ ನಷ್ಟವನ್ನೇ ತರುತ್ತದೆ. ಎಟಿಎಂ ಬಳಸುವುದಾದರೆ ಬ್ಯಾಂಕಿನ ಗೋಡೆಯಲ್ಲಿರುವುದನ್ನೇ ಬಳಸಿ. ಇಬ್ಬರು ಪ್ರಯಾಣಿಸುವಾಗ ಎರಡು ಬೇರೆ ಬೇರೆ ಕಾರ್ಡುಗಳು ಇಬ್ಬರ ಬಳಿ ಪ್ರತ್ಯೇಕವಾಗಿರಲಿ. ಹೋಟೆಲಿನಲ್ಲಿ ರಾತ್ರಿಗಿಷ್ಟರಂತೆ ನಗರ ತೆರಿಗೆಯನ್ನು ಬೇರೆಯಾಗಿ ಕೇಳಬಹುದು. ಅದಕ್ಕೆ ಚಿಲ್ಲರೆ ಯೂರೋ ಇರಲಿ.

ದಕ್ಷಿಣ ಇಟಲಿಯೆಂದರೆ ಕಳ್ಳಕಾಕರ ಸೀಮೆ ಎಂಬ ಭಯ ಹಲವರಲ್ಲಿದೆ. ಬ್ರಿಂಡಿಸಿಯಲ್ಲಿ ರಾತ್ರಿ ಹತ್ತರವರೆಗೂ ಅಜ್ಜಂದಿರೂ ಮೊಮ್ಮಕ್ಕಳೂ ಬೀದಿಯಲ್ಲಿರುವುದನ್ನು ನಾವು ಕಂಡೆವು. ಆದರೂ ನಿಲ್ದಾಣ, ಬಸ್ಸು, ಧಕ್ಕೆಗಳಲ್ಲಿ ಚೀಲವನ್ನು ಎದೆಯ ಮುಂದೆ ಹಾಕಿಕೊಳ್ಳಿ. ಚಿನ್ನದ ಸರ, ಬಳೆಗಳನ್ನು ಮನೆಯಲ್ಲೇ ಬಿಟ್ಟುಬನ್ನಿ. ಪಾಸ್‌ಪೋರ್ಟಿನ ಪ್ರತಿಯನ್ನು ಪ್ರತ್ಯೇಕವಾಗಿಡಿ. ತುರ್ತು ಕರೆಗೆ 112. ಹಸಿರು ಶಿಲುಬೆಯ ಗುರುತಿರುವುದು ಔಷಧದ ಅಂಗಡಿ. ನಿತ್ಯದ ಮಾತ್ರೆಗಳನ್ನು ವೈದ್ಯರ ಚೀಟಿಯೊಂದಿಗೆ ಇಲ್ಲಿಂದಲೇ ಒಯ್ಯಿರಿ.

ಸುತ್ತಲಿನ ಊರುಗಳು

ಲೆಚ್ಚೆ ಸುಮಾರು 40 ಕಿ.ಮೀ.; ರೈಲಿನಲ್ಲಿ ಅರ್ಧ ಗಂಟೆ. ಜೇನುಬಣ್ಣದ ಮೃದು ಕಲ್ಲಿನಲ್ಲಿ ಕೆತ್ತಿದ ಅಲ್ಲಿನ ಚರ್ಚುಗಳನ್ನು ನೋಡುವಾಗ ಬೇಲೂರಿನ ನೆನಪಾಗದಿರದು. ಸುಣ್ಣ ಬಳಿದ ಬಿಳಿ ಊರು ಒಸ್ತೂನಿಯೂ ರೈಲಿನ ದಾರಿಯಲ್ಲೇ ಇದೆ; ನಿಲ್ದಾಣದಿಂದ ಗುಡ್ಡದ ಮೇಲಿನ ಊರಿಗೆ ಬಸ್ಸು ಹಿಡಿಯಬೇಕು. ಶಂಕುವಿನಾಕಾರದ ಕಲ್ಲಿನ ಮಾಡುಗಳಿರುವ ಆಲ್ಬೆರೊಬೆಲ್ಲೊ 1996ರಿಂದ ವಿಶ್ವ ಪರಂಪರೆಯ ತಾಣ. ಬ್ರಿಂಡಿಸಿಯಿಂದ ಅಲ್ಲಿಗೆ ರೈಲು ಸುತ್ತುಬಳಸಾದ್ದರಿಂದ ನಾಲ್ಕು ಜನ ಕೂಡಿ ಬಾಡಿಗೆಯ ಕಾರು ಮಾಡಿಕೊಳ್ಳುವುದು ಸುಲಭ.

ಒಟ್ಟಿನಲ್ಲಿ ಬ್ರಿಂಡಿಸಿಗೆ ಎರಡು ದಿನ, ಸುತ್ತಲಿಗೆ ಎರಡು ದಿನ ಸಾಕು. ಕೊನೆಯ ಸಂಜೆಯನ್ನು ಹಳೆಯ ಧಕ್ಕೆಯ ಕಲ್ಲುಬೆಂಚಿಗೆ ಮೀಸಲಿಡಿ. ಈಗ ಅಲ್ಲಿಂದ ಮುಂಬಯಿಗೆ ಹಡಗಿಲ್ಲ. ಆದರೆ ಮನೆಯಿಂದ ಬರುವ ಕಾಗದಕ್ಕಾಗಿ ಸಮುದ್ರದ ಈಚೆ ದಡದಲ್ಲಿ ವಾರಗಟ್ಟಲೆ ಕಾದವರ ಕಾಗದಗಳು ಈ ಧಕ್ಕೆಯನ್ನೇ ದಾಟಿ ಬಂದಿದ್ದವು. ಊರು ಬಿಟ್ಟು ಬಂದು ನೆಲೆಸಿದ ನಮ್ಮಂಥವರಿಗೆ ಆ ಕಾಯುವಿಕೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೋಗಿ ಬರುವ ಎಲ್ಲರ ಪ್ರಯಾಣ ಸುಖಕರವಾಗಲಿ ಎಂದು ಹಾರೈಸುತ್ತೇವೆ.